ಬಂದರಿನ ಮುಖ್ಯ ಅತಿಥಿ

ಯಾರೂ ಹೇಳದೆ, ಯಾರನ್ನೂ ಕೇಳದೆ, ಮುರಳಿಕೃಷ್ಣ ರಿಬ್ಬನ್ನು ಕತ್ತರಿಸಿಬಿಟ್ಟ.

ಅದು ಅವನ ಹೆಂಡತಿ ತನುಜಾಳ ಹೊಸ ಟೈಲರಿಂಗ್ ಅಂಗಡಿ. ಹಿಂದೂಪುರದ ಬಜಾರಿನ ಅಡ್ಡರಸ್ತೆಯಲ್ಲಿ, ಈ ಕಡೆ ಬಳೆ ಅಂಗಡಿ, ಆ ಕಡೆ ಗಂಗರಾಜುವಿನ ಮೊಬೈಲ್ ರಿಪೇರಿ, ನಡುವೆ ಒಂದು ಶಟರಿನಗಲದ ಕೋಣೆ. ಬಾಗಿಲಿಗೆ ಅಡ್ಡಲಾಗಿ ಗುಲಾಬಿ ರಿಬ್ಬನ್ ಕಟ್ಟಿತ್ತು. ಅದನ್ನು ಕತ್ತರಿಸಬೇಕಾದವಳು ಪೋಲಮ್ಮ, ತನುಜಾಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಮುದುಕಿ. ಅವಳು ಕೂತಿದ್ದ ಬಸ್ಸು ಸೋಮಂದೇಪಲ್ಲಿ ದಾಟಿ ಎಲ್ಲೋ ಕೆಟ್ಟು ನಿಂತಿತ್ತು. ಮೇ ತಿಂಗಳ ಬಿಸಿಲು. ಪೂಜಾರಯ್ಯ ಮಂತ್ರ ಮುಗಿಸಿ, ಇನ್ನೊಂದು ಮನೆಗೆ ಹೋಗಬೇಕೆಂಬುದನ್ನು ಮೂರು ಸಲ ಕೆಮ್ಮಿ ತಿಳಿಸಿದ್ದ. ತನುಜಾಳ ಅಪ್ಪ ಪೆದ್ದಣ್ಣ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೊಸ ಕತ್ತರಿ. ಬೆವರು ಒರೆಸಿಕೊಳ್ಳಲೆಂದು ಅವನು ಸ್ವಲ್ಪ ಪಕ್ಕಕ್ಕೆ ತಿರುಗಿದ. ತಟ್ಟೆ ಅಳಿಯನ ಎದುರಿಗೆ ಬಂತು. ಅಷ್ಟೇ.

ಮುರಳಿಕೃಷ್ಣನ ಕೈ ತಾನಾಗಿ ಎದ್ದಿತು. ಕತ್ತರಿ ತೆಗೆದುಕೊಂಡ, ಕಚಕ್ಕೆಂದು ಕತ್ತರಿಸಿದ, ಕತ್ತರಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ಯಾರೂ ಇಲ್ಲದ ಎಡಗಡೆಗೆ ತಿರುಗಿ, ಮೇಲಿನ ಸಾಲಿನ ಹಲ್ಲನ್ನೆಲ್ಲ ತೋರಿಸಿ ನಿಂತ. ಫೋಟೋ ತೆಗೆಯುವಷ್ಟು ಹೊತ್ತು ಹಾಗೇ ನಿಂತ. ಆಮೇಲೆ ತಾನೇ ಚಪ್ಪಾಳೆ ತಟ್ಟಿದ. ಆಮೇಲೆ ಪೂಜಾರಯ್ಯನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಕುಲುಕಿದ. ಆ ಬಿಸಿಲಲ್ಲೂ ಅವನ ಮೈಮೇಲೆ ಕರಿ ಕೋಟಿತ್ತು.

ಬೀದಿಯಲ್ಲಿದ್ದವರೆಲ್ಲ ಪೂಜಾರಯ್ಯನ ಕೈಯನ್ನೇ ನೋಡಿದರು. ಮೊಬೈಲ್ ಅಂಗಡಿಯ ಗಂಗರಾಜು ಮಾತ್ರ ಕಿಸಕ್ಕೆಂದ.

“ಅಯ್ಯೋ,” ಅಂದ ಮುರಳಿಕೃಷ್ಣ, ಕತ್ತರಿಯನ್ನು ನೋಡುತ್ತ. “ಇವತ್ತು ನಾನಲ್ವಾ?”

ತನುಜಾ ಅವನ ಕೈಯಿಂದ ಕತ್ತರಿ ಕಿತ್ತುಕೊಂಡಳು. ರಿಬ್ಬನ್ನಿನ ಎರಡು ತುಂಡು ಬಿಚ್ಚಿಕೊಂಡು, ಪಕ್ಕದಿಂದ ಒಳಗೆ ನುಗ್ಗಿ, ಹೊಸ ಮಿಷನ್ನಿನ ಮುಂದೆ ಕೂತು ಟರ್ರೆಂದು ಹೊಲಿದಳು. ಅಂಗಡಿಯ ಮೊದಲ ಗಿರಾಕಿ ಗಂಡ, ಮೊದಲ ಕೆಲಸ ರಿಪೇರಿ. ಹೊಲಿದ ರಿಬ್ಬನ್ ಮತ್ತೆ ಕಟ್ಟುವಷ್ಟರಲ್ಲಿ ಆಟೋದಿಂದ ಪೋಲಮ್ಮ ಇಳಿದಳು. ರಿಬ್ಬನ್ ಕೈಯಲ್ಲಿ ಹಿಡಿದು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಇದೇನಮ್ಮಾ, ಹೊಲಿಗೆ ಬಿದ್ದೈತೆ? ಕತ್ತರ್ಸಿ, ಹೊಲ್ದು, ಮತ್ತೆ ಕತ್ತರ್ಸೋದು ಯಾವೂರ್ ಫ್ಯಾಷನ್ನು?”

“ಚೀನಾ ಫ್ಯಾಷನ್ನು ಕಣಮ್ಮ,” ಅಂದಳು ತನುಜಾ. “ನೀನು ಕತ್ತರ್ಸು.”

ತನುಜಾ ಜನರ ಮುಂದೆ ಗಂಡನಿಗೆ ‘ನೀವು’ ಅನ್ನುತ್ತಿದ್ದಳು, ಮನೆಯೊಳಗೆ ‘ನೀನು’. ಆವತ್ತು ಇಡೀ ಬೀದಿಯ ಎದುರಿಗೆ, “ನೀನು ಆ ಕಡೆ ಹೋಗಿ ಕುಂತ್ಕ” ಅಂದಳು. ಅವನು ಹೋಗಿ ಕೂತುಕೊಂಡ. ಕೂರುವುದರಲ್ಲಿ ಅವನನ್ನು ಮೀರಿಸಿದವರು ಎರಡು ತಾಲ್ಲೂಕಿನಲ್ಲಿ ಇರಲಿಲ್ಲ.

ಆ ದಿನ ತನುಜಾ ಒಂದು ತೀರ್ಮಾನ ಹೇಳಬೇಕಾಗಿತ್ತು. ಐದು ವರ್ಷ ಚೀನಾದ ಬಂದರಿನಲ್ಲಿದ್ದ ಗಂಡ ಒಂದು ತಿಂಗಳ ಮಟ್ಟಿಗೆ ಬಂದಿದ್ದ. ಬರುವ ಶುಕ್ರವಾರ ವಾಪಸ್ಸು ಹೊರಡಲಿದ್ದ, ಈ ಸಲ ಹೆಂಡತಿಯನ್ನೂ ಕರೆದುಕೊಂಡು. ಅವಳ ವೀಸಾ ಕೂಡ ಬಂದಿತ್ತು. ಆದರೆ ಅವನು ಬರುವ ಸುದ್ದಿ ತಿಳಿಯುವ ಮೊದಲೇ ಅವಳು ಈ ಕೋಣೆ ಹಿಡಿದಿದ್ದಳು. ಐದು ವರ್ಷ ಅಪ್ಪನ ಮನೆಯ ಜಗಲಿಯಲ್ಲಿ ಕೂತು ಬ್ಲೌಸು ಹೊಲಿದು ಹಿಡಿದ ಕೋಣೆ ಅದು. ಅವಳು ಹೊರಟರೆ ಅದು ಗಂಗರಾಜುವಿಗೆ. ನಡುವಿನ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕೆಂದು ಅವನು ಕಾಯುತ್ತಿದ್ದ. ಎರಡು ದಿನಕ್ಕೊಮ್ಮೆ ತಲೆ ತೂರಿಸಿ, “ಅಕ್ಕಾ, ಡಿಸೈಡ್ ಆಯ್ತಾ?” ಅನ್ನುತ್ತಿದ್ದ, ಗೋಡೆಯನ್ನು ಪ್ರೀತಿಯಿಂದ ತಟ್ಟುತ್ತ. “ಪೂಜೆ ಆಗ್ಲಿ ಕಣಪ್ಪ, ಆವತ್ತೇ ಹೇಳ್ತೀನಿ” ಅಂದಿದ್ದಳು. ಈಗ ಪೂಜೆ ಆಗಿತ್ತು, ಎರಡು ಸಲ.

ಮುರಳಿಕೃಷ್ಣ ಕಲ್ಯಾಣದುರ್ಗದವನು. ಎತ್ತರದ ಆಳು, ಅಗಲವಾದ ಹಣೆ, ತಹಸೀಲ್ದಾರರಿಗೂ ಇಲ್ಲದಂಥ ಮೀಸೆ. ದೇವರು ಹೊರಗಿನ ಕೆಲಸವನ್ನೆಲ್ಲ ಮುತುವರ್ಜಿಯಿಂದ ಮುಗಿಸಿ, ಒಳಗಿನದು ನಾಳೆ ನೋಡೋಣವೆಂದು ಬಿಟ್ಟು ಮರೆತಂತಿತ್ತು. ಓದು ಹತ್ತಲಿಲ್ಲ, ಹೊಲದ ಕೆಲಸಕ್ಕೆ ಸೊಂಟ ಬಾಗಲಿಲ್ಲ. ಆದರೂ ಅವನಿಗೆ ಒಂದು ಉದ್ಯೋಗ ಸಿಕ್ಕಿತು. ಅದನ್ನು ಕಂಡುಹಿಡಿದದ್ದು ಅವನ ಸೋದರಮಾವ ತಿಪ್ಪೇಸ್ವಾಮಿ.

ಆ ಸೀಮೆಯಲ್ಲಿ ಹೆಣ್ಣು ನೋಡಲು ಹುಡುಗ ಮತ್ತು ಅವನ ಅಪ್ಪ ಅಮ್ಮ ಹೋದರೆ ಸಾಲದು. ಜತೆಗೆ ನಾಲ್ಕು ಜನ ಪೆದ್ದಮನುಷ್ಯರು ಬೇಕು. ಪೆದ್ದ ಎಂದರೆ ತೆಲುಗಿನಲ್ಲಿ ದೊಡ್ಡವನು, ಕನ್ನಡದಲ್ಲಿ ದಡ್ಡ. ಗಡಿಯ ಊರಲ್ಲಿ ಒಬ್ಬನೇ ಎರಡೂ ಆಗಿದ್ದರೆ ಖರ್ಚು ಕಮ್ಮಿ. ನಾಲ್ವರಲ್ಲಿ ಇಬ್ಬರು ಮಾತಾಡಿದರೆ ಸಾಕು, ಉಳಿದಿಬ್ಬರು ಕೂರಬೇಕು. ಹುಡುಗನ ಕಡೆ ತೂಕ ಇದೆ ಅನ್ನಿಸಬೇಕು. ತಿಪ್ಪೇಸ್ವಾಮಿ ಮಾತಿಗೆ, ಮುರಳಿಕೃಷ್ಣ ತೂಕಕ್ಕೆ. “ಬಾಯಿ ಬಿಡಬ್ಯಾಡ. ಬಜ್ಜಿ ಎರಡರ ಮೇಲೆ ಮುಟ್ಟಬ್ಯಾಡ. ಯಾರಾನ ಏನಾನ ಕೇಳಿದ್ರೆ ಮೀಸೆ ಸವರ್ಕ.” ಇಷ್ಟೇ ಅವನ ತರಬೇತಿ. ಕುಂದುರ್ಪಿಯಿಂದ ಪೆನುಕೊಂಡದವರೆಗೆ ಎಷ್ಟೋ ಮನೆಗಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಮೀಸೆ ಸವರಿದ. ಎಷ್ಟೋ ಜನಕ್ಕೆ ಮದುವೆಯಾಯಿತು. ಹೆಣ್ಣಿನ ಕಡೆಯವರು ಅವನನ್ನು ಎಲ್‌ಐಸಿ ಆಫೀಸರೋ, ಪಿಡಬ್ಲ್ಯೂಡಿ ಕಾಂಟ್ರಾಕ್ಟರೋ ಅಂದುಕೊಳ್ಳುತ್ತಿದ್ದರು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಹಾಗೇ ಒಂದು ದಿನ ಹಿಂದೂಪುರದ ಪೆದ್ದಣ್ಣನ ಮನೆಗೂ ಬಂದು ಕೂತ. ಹೆಣ್ಣು ತನುಜಾ, ಹುಡುಗ ತಿಪ್ಪೇಸ್ವಾಮಿಯ ಮಗ ಯೋಗೇಶ್. ಯೋಗೇಶ್ ಬಾಯಿ ತುಂಬಾ ಮಾತಾಡಿದ. ಕೋಳಿ ಫಾರಂ, ಬೋರ್‌ವೆಲ್ಲು, ಡ್ರಿಪ್ಪು, ಸಬ್ಸಿಡಿ. ಕಾಫಿ ಆರಿತು, ಅವನು ಆರಲಿಲ್ಲ. ಪೆದ್ದಣ್ಣನ ಕಣ್ಣು ಮಾತ್ರ ಮೂಲೆಯ ಕುರ್ಚಿ ಬಿಟ್ಟು ಕದಲಲಿಲ್ಲ. ಎರಡು ದಿನ ಬಿಟ್ಟು ತಿಪ್ಪೇಸ್ವಾಮಿಗೆ ಫೋನ್ ಹೋಯಿತು. “ಸಂಬಂಧ ಒಪ್ಪಿಗೆ ಕಣಪ್ಪ. ಆದ್ರೆ ಆ ಮಾತಾಡೋ ಹುಡುಗ ಬ್ಯಾಡ. ಮೂಲೇಲಿ ಕುಂತಿದ್ನಲ್ಲ, ಆ ಗಂಭೀರಸ್ಥ, ಅವನಾದ್ರೆ ಕೊಡ್ತೀನಿ.” ತಿಪ್ಪೇಸ್ವಾಮಿ ಫೋನನ್ನು ಮಂಚದ ಮೇಲೆ ಎಸೆದನಂತೆ. ಮದುವೆಗೆ ಬಂದರೂ ಊಟ ಮಾಡಲಿಲ್ಲ.

“ನಮ್ಮಪ್ಪ ಗಂಡು ನೋಡಿ ಕೊಡಲಿಲ್ಲ, ಕುರ್ಚಿ ನೋಡಿ ಕೊಟ್ಟ,” ಎಂದು ತನುಜಾ ಈಗ ಎಲ್ಲರಿಗೂ ಹೇಳುತ್ತಾಳೆ. ಆವತ್ತು ಅಡಿಗೆಮನೆಯ ಬಾಗಿಲ ಸಂದಿನಿಂದ ತಾನೂ ಅದೇ ಕುರ್ಚಿ ನೋಡಿದ್ದನ್ನು ಮಾತ್ರ ಹೇಳುವುದಿಲ್ಲ.

ಕೋಳಿ ಫಾರಮ್ಮಿನ ಯೋಗೇಶ್ ಈಗ ಕಾರಿನಲ್ಲಿ ಓಡಾಡುತ್ತಾನೆ. ಮುರಳಿಕೃಷ್ಣ ಮದುವೆಯಾದ ಮೇಲೆ ಗೊಬ್ಬರದ ಅಂಗಡಿಯಲ್ಲಿ ಕೂತ, ಪೆನುಕೊಂಡದ ಕಡೆ ಒಂದು ಗೋಡೌನಿನಲ್ಲಿ ಕೂತ. ಕೂತದ್ದಕ್ಕೆ ಯಾರೂ ಬಹಳ ದಿನ ಸಂಬಳ ಕೊಡಲಿಲ್ಲ. ಕೊನೆಗೆ ಒಬ್ಬ ಗ್ರಾನೈಟ್ ವ್ಯಾಪಾರಿ, ಚೀನಾಕ್ಕೆ ಹೋದ ಕಲ್ಲುಗಳು ಬಂದರಿನಲ್ಲಿ ಸರಿಯಾಗಿ ಇಳಿಯುತ್ತವೋ ಇಲ್ಲವೋ ನೋಡಿಕೊಂಡಿರಲು ಇವನನ್ನು ಕಳಿಸಿದ. ಒಂದು ವರ್ಷದೊಳಗೆ ವ್ಯಾಪಾರ ನಿಂತಿತು. ಕಲ್ಲು ಬರುವುದು ನಿಂತರೂ ಕಲ್ಲಿನಂಥವನು ಅಲ್ಲೇ ನಿಂತ. ವೀಸಾಗೆಂದು ಒಂದು ಭಾಷೆ ಕಲಿಸುವ ಶಾಲೆಯಲ್ಲಿ ಹೆಸರು ಬರೆಸಿದ. ಹೆಸರಷ್ಟೇ ಬರೆಸಿದ, ಭಾಷೆ ಬರಲಿಲ್ಲ.

ಆ ಊರಿನ ಹೆಸರನ್ನು ಅವನು ಫೋನಿನಲ್ಲಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದುದರಿಂದ ಮನೆಯವರು ಅದನ್ನು ಬಂದರು ಎಂದೇ ಕರೆದರು. ಅವನು ಯಾವಾಗ ಬಂದರೂ ಮಾತು ಬಂದರಿನದೇ. ಬಂದರಿನಲ್ಲಿ ಎಲ್ಲವೂ ಅಗ್ಗ. ಹದಿನೇಳನೇ ಮಹಡಿಯ ಕೋಣೆ ಅಗ್ಗ, ಬಸ್ಸು ಅಗ್ಗ, ಎಲೆಕೋಸು ಅಗ್ಗ, ಚಳಿಗಾಲದಲ್ಲಿ ಗೋಡೆಯೇ ಬಿಸಿಯಾಗುವ ಏರ್ಪಾಡು, ಅದೂ ಅಗ್ಗ. “ನಿಮ್ ಹಿಂದೂಪುರದಾಗೆ ಒಂದು ಕಾಫಿ ಕುಡಿಯೋ ದುಡ್ಡಿಗೆ ಅಲ್ಲಿ ಒಂದೊತ್ತಿನ ಊಟ ಮುಗಿದೋಯ್ತದೆ ಮಾವ.” ಪೆದ್ದಣ್ಣ ಹೌದಾ ಹೌದಾ ಎಂದು ತಲೆದೂಗುತ್ತಿದ್ದ. ಅಳಿಯನ ಅಗ್ಗಳಿಕೆಯೆಲ್ಲ ಅಗ್ಗದ್ದೇ ಎಂದು ತನುಜಾ ಒಳಗಿನಿಂದ ಗೊಣಗುತ್ತಿದ್ದಳು. ಅಷ್ಟು ಅಗ್ಗದ ಊರಿನಿಂದ ಮನೆಗೆ ಬರುತ್ತಿದ್ದುದೂ ಅಗ್ಗವಾದ ಮೊತ್ತವೇ. ಏನು ಕೆಲಸ ಎಂದರೆ, “ಪಬ್ಲಿಕ್ ರಿಲೇಷನ್ನು” ಅನ್ನುತ್ತಿದ್ದ. ಜತೆಗೊಂದು ಫೋಟೋ ಕಳಿಸುತ್ತಿದ್ದ. ಕೋಟು ಹಾಕಿ, ನಗುತ್ತ, ನಾಲ್ಕು ಜನ ಚೀನಿಯರ ನಡುವೆ. ತನುಜಾ ಆ ಫೋಟೋಗಳನ್ನು ಜಗಲಿಯಲ್ಲಿ ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ ತೋರಿಸಿದ್ದಳು.

ಈಗ, ಪೂಜೆಗೆ ಬಂದವರು ಕೇಸರಿಬಾತು ತಿಂದು ಹೋದ ಮೇಲೆ, ಹೊಸ ಅಂಗಡಿಯ ಫ್ಯಾನಿನ ಕೆಳಗೆ ಕೂತು ಅದೇ ಫೋಟೋಗಳನ್ನು ಮೊಬೈಲಿನಲ್ಲಿ ಹಿಂದಿನಿಂದ ನೋಡಿಕೊಂಡು ಬಂದಳು. ಪೋಲಮ್ಮ ಎದುರಿಗೆ ಎಲೆಯಡಿಕೆ ಹಾಕುತ್ತಿದ್ದಳು. ಪೆದ್ದಣ್ಣ ಕಟ್ಟಿಂಗ್ ಟೇಬಲ್ಲಿನ ಮೇಲೆ ಕಾಲು ಇಳಿಬಿಟ್ಟಿದ್ದ. ಮುರಳಿಕೃಷ್ಣ ಗಿರಾಕಿಗಳಿಗೆಂದು ತಂದ ಹೊಸ ಕುರ್ಚಿಯಲ್ಲಿ ಕೂತಿದ್ದ, ಅದರ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ.

ಎಲ್ಲ ಫೋಟೋದಲ್ಲೂ ಅದೇ ಕೋಟು. ಎಡಗೈ ತೋಳಿನ ಕೆಳಗಿನ ಗುಂಡಿ ಎಲ್ಲದರಲ್ಲೂ ಇಲ್ಲ. ಹಿಂದಿನ ಬೋರ್ಡು ಮಾತ್ರ ಪ್ರತಿಸಲ ಬೇರೆ. ಒಂದರಲ್ಲಿ ಟೈರು, ಒಂದರಲ್ಲಿ ಹಲ್ಲಿನ ಚಿತ್ರ, ಒಂದರಲ್ಲಿ ಚಿಕ್ಕಮಕ್ಕಳ ಶಾಲೆ, ಒಂದರಲ್ಲಿ ಇನ್ನೂ ಬಣ್ಣ ಕಾಣದ ಅಪಾರ್ಟ್‌ಮೆಂಟು. ಕೆಲವದರಲ್ಲಿ ಕೆಳಗೆ, ಮೂಲೆಯಲ್ಲಿ, ಕೆಂಪು ರಿಬ್ಬನ್ನಿನ ತುದಿ. ಇಷ್ಟು ವರ್ಷ ಅದನ್ನು ಯಾರದೋ ಸೀರೆ ಸೆರಗು ಅಂದುಕೊಂಡಿದ್ದಳು. ಚೀನಾದಲ್ಲಿ ಸೀರೆ ಯಾರುಡುತ್ತಾರೆ ಎಂದು ಹೊಳೆದಿರಲಿಲ್ಲ.

“ಇಲ್ಲಿ ಬಾ,” ಅಂದಳು. “ಬ್ಯಾಡ, ಅಲ್ಲೇ ಇರು. ಮದುವೆಯಾಗಿ ಒಂದಿನ ನೀನು ಹಾಲಿನ ಪ್ಯಾಕೆಟ್ ಕತ್ತರ್ಸಿದ್ದು ನಾನು ನೋಡಿಲ್ಲ, ಹಲ್ಲಲ್ಲೇ ಕಚ್ಚೋನು. ಇವತ್ತು ಕತ್ತರಿ ಹಿಡ್ದಿದ್ದು ನೋಡಿದ್ರೆ ನನಗಿಂತ ಹೆಚ್ಚು ಹಿಡ್ದಂಗೈತೆ. ಅಲ್ಲಿ ನಿನ್ನ ಕೆಲ್ಸ ಇದೇನಾ?”

ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಲು ಮಾತಾಡಬೇಕು, ಅಷ್ಟು ಮಾತು ಅವನಿಗೆ ಯಾವತ್ತೂ ಇರಲಿಲ್ಲ.

“ಹೂಂ ಕಣೇ. ಒಬ್ಬಳು ಏಜೆಂಟಮ್ಮ ಅವ್ಳೆ. ಯಾವ್ದಾನ ಓಪನಿಂಗ್ ಇದ್ರೆ ಫೋನ್ ಮಾಡ್ತಾಳೆ. ಹೊರದೇಶದೋರು ಒಬ್ರು ಮಧ್ಯದಾಗೆ ಕುಂತಿದ್ರೆ ದೊಡ್ಡ ಕಂಪ್ನಿ ಅಂತ ಕಾಣ್ತದಂತೆ. ಹೋಗ್ತೀನಿ, ಕುಂತ್ಕಂತೀನಿ, ಕತ್ತರ್ಸ್ತೀನಿ, ಬತ್ತೀನಿ.”

ಪೋಲಮ್ಮನ ಬಾಯಲ್ಲಿದ್ದ ಎಲೆಯಡಿಕೆ ನಿಂತಿತು.

“ಹಲ್ಲಿನ ಬೋರ್ಡ್ ಮುಂದೆ ನಿಂತಿದ್ದೀಯಲ್ಲ, ಇದೇನು?”

“ಹಲ್ಲಾಸ್ಪತ್ರೆ ಓಪನಿಂಗು. ಅವತ್ತು ನಾನು ಲಂಡನ್ ಡಾಕ್ಟ್ರು.”

“ಏಮಪ್ಪಾ ಅಲ್ಲುಡು,” ಪೆದ್ದಣ್ಣ ಗಾಬರಿಯಾಗಿ, ತೆಲುಗಿನಲ್ಲೇ ಅಳಿಯನನ್ನು ಕರೆಯುತ್ತ, ಟೇಬಲ್ಲಿನಿಂದ ಇಳಿದ, “ಯಾರದಾನ ಹಲ್ಲು ಗಿಲ್ಲು ಕಿತ್ತೆಯಾ?”

“ಇಲ್ಲ ಮಾವ. ಹಲ್ಲು ಬಿಟ್ಟೆ, ಅಷ್ಟೇ.”

“ಭಾಷ್ಣ ಗೀಷ್ಣ ಕೇಳಲ್ವಾ?” ಪೋಲಮ್ಮನಿಗೆ ಈಗ ಬಸ್ಸು ಕೆಟ್ಟದ್ದರ ಬೇಜಾರೂ ಹೋಗಿತ್ತು.

“ಕೇಳ್ತಾರೆ. ನಿಮ್ಮ ಭಾಷೇಲೇ ಏನಾನ ಎರಡು ಮಾತಾಡು ಅಂತಾರೆ. ಪಕ್ಕದಾಗೆ ಒಬ್ನು ಅದನ್ನ ಚೀನೀ ಭಾಷೇಲಿ ಅರ್ಧ ಗಂಟೆ ಹೇಳ್ತಾನೆ.”

“ನೀನೇನಂತೀಯ?”

“ನಂಗೇನ್ ಗೊತ್ತೈತೆ? ಕಲ್ಯಾಣದುರ್ಗ ಬಸ್‌ಸ್ಟ್ಯಾಂಡ್‌ನಾಗೆ ಕೂಗ್ತಾರಲ್ಲ, ಅದನ್ನೇ ನಿಧಾನಕ್ಕೆ ಹೇಳ್ತೀನಿ. ಕಂಬದೂರು… ಕುಂದುರ್ಪಿ… ಶೆಟ್ಟೂರು… ಬ್ರಹ್ಮಸಮುದ್ರ…” ಅವನು ಬಲಗೈ ಎದೆಯ ಮೇಲಿಟ್ಟು ಹೇಳಿ ತೋರಿಸಿದ. “ಬ್ರಹ್ಮಸಮುದ್ರ ಅನ್ನೋ ಹೊತ್ಗೆ ಎಲ್ರೂ ಎದ್ದು ಚಪ್ಪಾಳೆ ಹೊಡೀತಾರೆ.”

ಪೋಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಮಾತ್ರ ಕುಣಿಯುತ್ತಿತ್ತು. ಪೆದ್ದಣ್ಣ ನಗಲಿಲ್ಲ. ತನ್ನ ಮನೆಯ ಮೂಲೆಯ ಕುರ್ಚಿಯಲ್ಲಿ ಮೊದಲ ಓಪನಿಂಗ್ ನಡೆದದ್ದು, ಚಪ್ಪಾಳೆ ತಟ್ಟಿದವನು ತಾನು ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

ತನುಜಾಳಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸಿಟ್ಟಿಗೆ ಎದುರಿನವನಿಗೆ ಒಂದು ಮಟ್ಟ ಇರಬೇಕು. ಬಂದದ್ದು ತಾತ್ಸಾರ. ಎಲ್ಲೋ ಸಮುದ್ರದಾಚೆ ಗಂಡ ಏನೋ ಸಾಧಿಸುತ್ತಿದ್ದಾನೆಂದು ಐದು ವರ್ಷ ನೆರೆಹೊರೆಯವರ ಮುಂದೆ ಕತ್ತೆತ್ತಿ ತಿರುಗಿದ್ದಳು. ಅವನು ಸಾಧಿಸಿದ್ದು, ತಿಪ್ಪೇಸ್ವಾಮಿ ಎರಡು ಬಜ್ಜಿಗೆ ಮಾಡಿಸುತ್ತಿದ್ದ ಕೆಲಸವನ್ನೇ ವಿಮಾನ ಹತ್ತಿ ಹೋಗಿ ಮಾಡಿದ್ದು. ಇಲ್ಲಿ ಕಲ್ಯಾಣದುರ್ಗದವನೆಂದು ಗೊತ್ತಾದ ಮೇಲೆ ತೂಕ ಇಳಿಯುತ್ತಿತ್ತು, ಅಲ್ಲಿ ಅದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಊರು ಅಗ್ಗ, ಅಲ್ಲಿ ಬಿಕರಿಯಾದ ಸರಕೂ ಅಗ್ಗ.

“ಉಳಿದ ದಿನ ಏನ್ ಮಾಡ್ತೀಯ? ದಿನಾ ಓಪನಿಂಗ್ ಇರ್ತದಾ?”

“ಇಲ್ಲ. ಪಾರ್ಕಿನಾಗೆ ಮುದುಕರು ಚದುರಂಗ ಆಡ್ತಾರೆ. ನನಗೂ ಒಂದು ಸ್ಟೂಲ್ ಕೊಡ್ತಾರೆ. ಆಟ ಬರಲ್ಲ, ನೋಡ್ತೀನಿ. ಅವ್ರ ಹೊಸ ವರ್ಷದ ಹಬ್ಬ ಬಂದ್ರೆ ಕಷ್ಟ. ಎಲ್ರೂ ಅವ್ರವ್ರ ಊರಿಗೆ ಹೋಗಿಬಿಡ್ತಾರೆ. ಅಂಗಡಿ ಮುಚ್ಚಿರ್ತವೆ. ಬೀದೀಲಿ ಒಂದು ನರಪಿಳ್ಳೆ ಇರಲ್ಲ. ಅನ್ನ ಮಾಡ್ಕಂಡು ಕಿಟಕಿಯಿಂದ ಕ್ರೇನ್ ನೋಡ್ತಾ ಕುಂತಿರ್ತೀನಿ. ದಿನಾ ಓಡಾಡೋ ಕ್ರೇನು, ಅವತ್ತು ಅವೂ ಸುಮ್ನೆ ನಿಂತಿರ್ತವೆ.”

ಅವನು ಇಷ್ಟು ಉದ್ದ ಮಾತಾಡಿದ್ದನ್ನು ತನುಜಾ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವನ ಕೋಟಿನ ಎಡತೋಳು ಕುರ್ಚಿಯ ಮೇಲಿತ್ತು, ಗುಂಡಿ ಇದ್ದ ಜಾಗದಲ್ಲಿ ಎರಡು ದಾರದೆಳೆ. ಐದು ವರ್ಷದಲ್ಲಿ ಒಂದು ಗುಂಡಿ ಹೊಲಿದುಕೊಳ್ಳುವವರು ಇರಲಿಲ್ಲ ಇವನಿಗೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಅವಳಿಗೇ ಕೋಪ ಬಂತು. ಆದರೂ ಡಬ್ಬಿಯಿಂದ ಕರಿ ಗುಂಡಿಯೊಂದನ್ನು ತೆಗೆದಳು.

“ತೋಳು ಚಾಚು.”

ಅವನು ಚಾಚಿದ. ಅವಳು ಸೂಜಿಗೆ ದಾರ ಪೋಣಿಸಿ, ಅವನ ಮೈಮೇಲಿದ್ದ ಹಾಗೆಯೇ ಗುಂಡಿ ಹೊಲಿಯತೊಡಗಿದಳು. ಪೆದ್ದಣ್ಣನ ಮುಖ ಸ್ವಲ್ಪ ಸಡಿಲವಾಯಿತು. ಬಾಗಿಲಿನಿಂದ ಗಂಗರಾಜುವಿನ ತಲೆ ಒಳಗೆ ಬಂತು.

“ಅಕ್ಕಾ, ಡಿಸೈಡ್…”

“ಅಲ್ಲೇ ನಿಂತ್ಕ ಕಣಪ್ಪ. ಈಗ ಆಯ್ತದೆ.”

ದಾರವನ್ನು ಹಲ್ಲಿನಿಂದ ಕಡಿದಳು. ಸೊಂಟದಿಂದ ಶಟರಿನ ಬೀಗದ ಕೈ ತೆಗೆದು ಟೇಬಲ್ಲಿನ ಮೇಲೆ, ಗಂಡನಿಗೂ ಗಂಗರಾಜುವಿಗೂ ಕಾಣುವ ಹಾಗೆ ಇಟ್ಟಳು.

“ನೋಡು. ನಾನು ನಿನ್ನ ಏನೂ ಕೇಳಿಲ್ಲ ಇದುವರ್ಗೂ. ಐದು ವರ್ಷ ಫೋನ್ ಮಾಡಿದ್ಯ, ಎಲೆಕೋಸು ಅಗ್ಗ ಅಂದ್ಯ, ಬಸ್ಸು ಅಗ್ಗ ಅಂದ್ಯ. ಒಂದಿನ ಬಾ ಅನ್ಲಿಲ್ಲ. ನಾನಾಗೇ ಬತ್ತೀನಿ ಅಂದ್ರೂ, ಚಳಿ ಕಣೇ ಅಂದ್ಯ. ಈ ಸಲ ಬಂದಾಗಿಂದ ಬಾ ಬಾ ಅಂತ ಪ್ರಾಣ ತೆಗೀತಿದ್ದೀಯ. ಯಾಕೆ? ಒಂದೇ ಒಂದು ಮಾತು ನಿಜ ಹೇಳು. ಅದು ಮನುಷ್ಯರು ಆಡೋ ಮಾತಾಗಿದ್ರೆ, ಇಕಾ ಕೀ, ಗಂಗರಾಜು ಕೈಗೆ ಕೊಟ್ಟು ಶುಕ್ರವಾರ ನಿನ್ನ ಜತೆ ವಿಮಾನ ಹತ್ತುತೀನಿ.”

“ಹೇಳು ಅಲ್ಲುಡು,” ಪೆದ್ದಣ್ಣನ ದನಿ ಬೇಡಿಕೊಳ್ಳುವಂತಿತ್ತು. “ಬಾಯಿ ಬಿಟ್ಟು ಹೇಳು.”

ಪೋಲಮ್ಮ ಎಲೆಯಡಿಕೆ ಉಗಿದು ಬಂದು ಹತ್ತಿರ ಕೂತಳು. ಗಂಗರಾಜು ಗೋಡೆ ತಟ್ಟುವುದನ್ನು ನಿಲ್ಲಿಸಿದ. ಮುರಳಿಕೃಷ್ಣ ಎಲ್ಲರನ್ನೂ ನೋಡಿದ, ಹೊಸ ಗುಂಡಿ ನೋಡಿದ, ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವಳಿಗೆ ಅಡಿಗೆಮನೆಯ ಬಾಗಿಲ ಸಂದಿ ನೆನಪಾಯಿತು. ಅವನ ಕೈ ಮೀಸೆಯವರೆಗೆ ಹೋಗಿ, ಸವರದೆ ಕೆಳಗಿಳಿಯಿತು.

“ಒಬ್ಬನೇ ಆದ್ರೆ ಈಗೀಗ ಬ್ಯಾಡ ಅಂತಾವ್ರೆ ಕಣೇ,” ಅಂದ ಮುರಳಿಕೃಷ್ಣ. “ಎಲ್ರೂ ಜೋಡೀನೇ ಕೇಳ್ತಾವ್ರೆ. ಸೀರೆ ಉಟ್ಕಂಡಿರ್ಬೇಕಂತೆ.”